ಕಣ್ಣಿಗಿಂತ ಮೊದಲು ಕಿವಿ

ಶಬ್ದವಲ್ಲ, ಶಬ್ದವು ನಿಂತ ಬಗೆ; ನಿನ್ನೆ ಸಂಜೆಯಿಂದ ಸುನಂದಳನ್ನು ಬಿಡದೆ ಹಿಡಿದಿದ್ದುದು ಅದು. ಕೋಲಾರದಿಂದ ಹೊರಟ ಬಸ್ಸು ನರಸಾಪುರದ ಕಡೆಗೆ ಓಡುತ್ತಿರುವಾಗ ಅವಳು ಕಿಟಕಿಯ ಸರಳಿಗೆ ಹಣೆಯಾನಿಸಿ ಬೆಳಗಿನ ಸ್ತೋತ್ರವನ್ನು ತುಟಿಯೊಳಗೇ ಹೇಳಿಕೊಳ್ಳುತ್ತಿದ್ದಳು. ನಾಲಗೆ ತನ್ನಷ್ಟಕ್ಕೆ ತಾನು ನಡೆಯುತ್ತಿತ್ತು. ಮನಸ್ಸು ಮಾತ್ರ ಶಿವಾರಪಟ್ಟಣದ ಒಂದು ಶೆಡ್ಡಿನೊಳಗೆ, ಕಲ್ಲಿನ ಪುಡಿಯ ಮೇಲೆ ಹಾಸಿದ ಗೋಣಿಚೀಲದಲ್ಲಿ, ಕಳೆದ ತಿಂಗಳು ಕುಳಿತಂತೆಯೇ ಈಗಲೂ ಕುಳಿತಿತ್ತು. ಮುದುಕ ಶಿಲ್ಪಿ ಗಂಗುಲಪ್ಪ, ಕಿವಿಯಷ್ಟೇ ಮೂಡಿ ಮುಖ ಇನ್ನೂ ಮೂಡದೆ ನಿಂತಿರುವ ವೆಂಕಟರಮಣನ ಕೊರಳಹಾರವನ್ನು ಬಿಡಿಸುತ್ತಿದ್ದಾನೆ. ಅವಳು ಸಮೀಕ್ಷೆಯ ಪ್ರಶ್ನೆಯನ್ನು ಓದುತ್ತಾಳೆ: ಊರೊಳಗಿನ ಕೆತ್ತನೆಯ ಶೆಡ್ಡುಗಳನ್ನು ತೆರವು ಮಾಡಿ ಕೆರೆಯಾಚೆಯ ಹೊಸ ಜಾಗಕ್ಕೆ ಸಾಗಿಸುವುದನ್ನು ತಾವು ಪೂರ್ಣವಾಗಿ ಒಪ್ಪುತ್ತೀರೋ, ಒಪ್ಪುತ್ತೀರೋ, ಹೇಳಲಾರಿರೋ, ಒಪ್ಪುವುದಿಲ್ಲವೋ, ಸ್ವಲ್ಪವೂ ಒಪ್ಪುವುದಿಲ್ಲವೋ. ಸುತ್ತಿಗೆ ನಿಲ್ಲುತ್ತದೆ. ಗಂಗುಲಪ್ಪ ಉಳಿಯನ್ನೂ ಸುತ್ತಿಗೆಯನ್ನೂ ಒಂದರ ಪಕ್ಕದಲ್ಲಿ ಒಂದನ್ನು, ನಿದ್ದೆಹೋದ ಮಕ್ಕಳನ್ನು ಮಲಗಿಸುವಂತೆ, ನೆಲದ ಮೇಲಿಟ್ಟು, ಅವಳ ಮುಖವನ್ನು ನೋಡದೆ, "ಆಗಲಿ ತಾಯಿ" ಎನ್ನುತ್ತಾನೆ. ಅವಳು ಕಾಗದದ ಮೇಲೆ ಒಪ್ಪುತ್ತೇನೆ ಎಂಬ ಚೌಕದ ಮನೆಯಲ್ಲಿ ಗುರುತು ಹಾಕಿ, ಮುಂದಿನ ಪ್ರಶ್ನೆಗೆ ಹೋಗುತ್ತಾಳೆ.

ಅಂದು ಅದನ್ನು ಆಕೆ ವಿನಯವೆಂದು ತಿಳಿದಿದ್ದಳು. ದೊಡ್ಡ ಮಾತು ಬಂದಾಗ ಕೈಯಲ್ಲಿದ್ದುದನ್ನು ಕೆಳಗಿಡುವುದು ಹಳೆಯ ಕಾಲದವರ ಮರ್ಯಾದೆ. ಅವಳ ತಂದೆ ಕೋದಂಡರಾಮಪ್ಪನೂ ಗೌನಿಪಲ್ಲಿಯ ಮಾವಿನ ತೋಪಿನಲ್ಲಿ ಯಾರಾದರೂ ಹಿರಿಯರು ಮಾತನಾಡಿಸಿದರೆ ಕುಡುಗೋಲನ್ನು ಕೆಳಗಿಟ್ಟೇ ಉತ್ತರ ಕೊಡುತ್ತಿದ್ದ. ಆದರೆ ನಿನ್ನೆ ಸಂಜೆ ಗಂಗುಲಪ್ಪನ ಹೆಂಡತಿ ಬೈರಮ್ಮ ಫೋನು ಮಾಡಿದ್ದಳು. "ಏನಮ್ಮಾ, ನಮ್ಮೆಜಮಾನ್ರು ಒಪ್ಕೊಂಡವ್ರೆ ಅಂತ ಬರ್ಕೊಂಡು ಹೋದ್ಯಂತೆ? ಇವತ್ತು ಯಾರೋ ಬಂದು ಶೆಡ್ಡಿನ ಗೋಡೆಗೆ ಸುಣ್ಣದಾಗೆ ಗೀಟು ಎಳೆದ್ಬುಟ್ಟು ಹೋದ್ರು. ಸುತ್ತಿಗೆ ಕೆಳಗಿಟ್ಟಿದ್ದು ನಿನ್ ಕಣ್ಣಿಗೆ ಕಾಣ್ಲಿಲ್ವಾ?" ಕಂಡಿತ್ತು. ಅದೇ ಕಷ್ಟ. ಕಾಣದಿದ್ದರೆ ಅಜ್ಞಾನವೆನ್ನಬಹುದಿತ್ತು. ಆ ಶೆಡ್ಡಿನಲ್ಲಿ ಮಾತ್ರವಲ್ಲ, ಆ ಬೀದಿಯ ಒಂದೊಂದು ಶೆಡ್ಡಿನಲ್ಲೂ ಆ ಪ್ರಶ್ನೆಗೆ ಬಂದಾಗ ಕಬ್ಬಿಣ ನೆಲಕ್ಕೆ ತಾಗಿದ ಸಣ್ಣ ಸದ್ದು ಕೇಳಿಸಿ, ಬಳಿಕ ಮೌನವಾಗಿ, ಬಳಿಕ "ಆಗಲಿ" ಬಂದಿತ್ತು. ಬೇರೆ ಪ್ರಶ್ನೆಗಳಿಗೆ, ಶಾಲೆ ದೂರವೇ, ನೀರು ಸಾಲುತ್ತದೆಯೇ ಎಂಬವಕ್ಕೆ, ಅವರು ಕಲ್ಲನ್ನು ಕುಟ್ಟುತ್ತಲೇ ಉತ್ತರ ಕೊಟ್ಟಿದ್ದರು.

"ಕ್ಯಾ ಮೇಡಂ, ಕೂತಲ್ಲೇ ದೇವರ ಹತ್ರ ಹೋಗಿಬಿಟ್ರಾ?" ಎಂದಳು ಪಕ್ಕದಲ್ಲಿದ್ದ ಸಾದಿಯಾ. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವವರಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗಿ. ಅವಳ ತಂದೆ ಮುಖ್ತಿಯಾರ್ ಕೋಲಾರದ ಹಳೆಪೇಟೆಯಲ್ಲಿ ಬೀಗ ರಿಪೇರಿ ಮಾಡುತ್ತಾನೆ. ಸುನಂದ ತಡವರಿಸುತ್ತ ಬೈರಮ್ಮನ ಮಾತನ್ನು ಹೇಳಿದಳು. ಸಾದಿಯಾ ನಕ್ಕಳು. "ಅರೆ, ಇದರಲ್ಲಿ ಏನಿದೆ ಮೇಡಂ. ನಮ್ಮ ಅಬ್ಬಾ ಸಂಜೆ ಅಂಗಡಿ ಮುಚ್ಚಿದೆ ಅಂತ ಹೇಳೋದೇ ಇಲ್ಲ. ದುಕಾನ್ ಬಢಾಯಾ ಅಂತಾರೆ. ಅಂಗಡಿ ಬೆಳೆಸಿದೆ ಅಂತ ಅದರ ಅರ್ಥ. ಮುಚ್ಚಿದೆ ಅನ್ನೋದು ಮನ್ಹೂಸ್, ಅಪಶಕುನದ ಮಾತಂತೆ. ನೀವು ಸಂಜೆ ಹೋಗಿ ಕೇಳಿದ್ರೆ ಏನ್ ಬರ್ಕೊಳ್ತಿದ್ರಿ? ವ್ಯಾಪಾರ ಅಭಿವೃದ್ಧಿ ಅಂತ ಬರ್ಕೊಳ್ತಿದ್ರಿ." ಸುನಂದಳೂ ನಕ್ಕಳು. ತನ್ನ ತಾಯಿ ವೆಂಕಟರತ್ನಮ್ಮ ದೀಪವನ್ನು ಆರಿಸು ಎಂದವಳಲ್ಲ, ಶಾಂತಮಾಡು ಎನ್ನುತ್ತಿದ್ದಳು. ಅಮಂಗಳವನ್ನು ಮಂಗಳದ ಬಟ್ಟೆ ತೊಡಿಸಿ ಹೊರಗೆ ಕಳಿಸುವ ಈ ಪದ್ಧತಿಯೊಳಗೇ ಹುಟ್ಟಿ ಬೆಳೆದವಳು ತಾನು. ಹಾಗಿದ್ದೂ, ಪ್ರಶ್ನಾವಳಿಯೊಂದು ಕೈಗೆ ಬಂದ ಕೂಡಲೆ, ಜನರು ಆಡಿದ್ದನ್ನೇ ಆಡುತ್ತಾರೆಂದು ನಂಬಿದವಳೂ ತಾನೇ.

ಅವಳ ಹೊಟ್ಟೆಪಾಡಿನ ವಿಚಿತ್ರವೇ ಇದು. ತರ್ಕಶಾಸ್ತ್ರದಲ್ಲಿ, ಅದರಲ್ಲೂ ಸಂಶಯವೆಂಬ ಪದಾರ್ಥದ ಮೇಲೆ, ಅವಳು ಪ್ರೌಢಪ್ರಬಂಧ ಬರೆದವಳು. ಮುಸ್ಸಂಜೆಯ ಮಬ್ಬಿನಲ್ಲಿ ದೂರದಲ್ಲಿ ನಿಂತಿರುವುದು ಮೋಟುಮರವೋ ಮನುಷ್ಯನೋ ಎಂದು ಎರಡು ಕಡೆಗೂ ತೂಗುವ ಬುದ್ಧಿಗೆ ಶಾಸ್ತ್ರದಲ್ಲಿ ಎಂಥ ಗೌರವ! ಸಂಶಯವಿಲ್ಲದೆ ವಿಚಾರವೇ ಹುಟ್ಟದು. ಆ ಪ್ರಬಂಧಕ್ಕೆ ಯಾವ ಕಾಲೇಜೂ ಕೆಲಸ ಕೊಡಲಿಲ್ಲ. ಕೊಟ್ಟವರು ಪ್ರೊಫೆಸರ್ ಕಾಂತರಾಜ್, ಜನಾಭಿಪ್ರಾಯ ಹೇಗೆ ರೂಪುಗೊಳ್ಳುತ್ತದೆ, ಅದನ್ನು ಹೇಗೆ ಅಳೆಯಬೇಕು ಎಂದು ಅಧ್ಯಯನ ಮಾಡುವ ಸಂಸ್ಥೆಯೊಂದರ ಮುಖ್ಯಸ್ಥರು. "ನಿಮ್ಮ ಸಂಶಯವೇ ನಮ್ಮ ಐದು ಉತ್ತರಗಳ ಮನೆಗಳಲ್ಲಿ ಮಧ್ಯದ ಮನೆ, ಹೇಳಲಾರೆ ಎನ್ನುವುದು, ಸುನಂದ ಅವರೇ" ಎಂದಿದ್ದರು ಮೊದಲ ದಿನ. ಅವಳಿಗೆ ರೋಮಾಂಚನವಾಗಿತ್ತು. ಪಟ್ಟಿ ಕೂಡಿಸುವಾಗ ಮಧ್ಯದ ಮನೆಯವರನ್ನು ಲೆಕ್ಕದಿಂದ ಹೊರಗಿಡುತ್ತಾರೆಂದು ತಿಳಿದದ್ದು ಬಳಿಕ. ಅಭಿಪ್ರಾಯವೆಂಬುದು ಒಳಗೆ ಮೊದಲೇ ಸಿದ್ಧವಾಗಿ ಕುಳಿತಿರುವುದಿಲ್ಲ, ಕೇಳಿದ ಗಳಿಗೆಯಲ್ಲಿ, ಕೇಳಿದವರ ಮುಖ ನೋಡಿ, ಕೇಳಿದ ಸ್ಥಳಕ್ಕೆ ತಕ್ಕಂತೆ ಹುಟ್ಟುತ್ತದೆ ಎನ್ನುವುದು ಕಾಂತರಾಜರ ಸಿದ್ಧಾಂತ. ಆದ್ದರಿಂದ ಸ್ಥಳವನ್ನು ಆರಿಸುವುದೇ ಮುಖ್ಯ. ಮನೆಯಲ್ಲಿ ಕೇಳಿದರೆ ಗಂಡಸರ ಬದಲು ಹೆಂಗಸರೂ, ಹೆಂಗಸರ ಬದಲು ಗಂಡಸರೂ ಉತ್ತರಿಸುತ್ತಾರೆ. ಟೀ ಅಂಗಡಿಯಲ್ಲಿ ಕೇಳಿದರೆ ಊರೇ ಉತ್ತರಿಸುತ್ತದೆ. ಶೆಡ್ಡಿನಲ್ಲಿ, ಒಬ್ಬೊಬ್ಬನೂ ತನ್ನ ಕಲ್ಲಿನ ಮುಂದೆ ಏಕಾಂತದಲ್ಲಿರುವಾಗ ಕೇಳಬೇಕು ಎಂದು ಸೂಚಿಸಿದವಳು ಸುನಂದ. ಕಾಂತರಾಜರು ಎಲ್ಲರ ಎದುರಿಗೆ ಹೊಗಳಿದ್ದರು. ಇಂದು ಸಂಜೆ ಕೋಲಾರದ ಸಭಾಂಗಣದಲ್ಲಿ ವರದಿಯನ್ನು ಸ್ಥಳಾಂತರದ ಸಮಿತಿಗೆ ಒಪ್ಪಿಸುವಾಗಲೂ ಆ ವಿಧಾನವನ್ನು ಕುರಿತು ಅವಳೇ ಎರಡು ಮಾತನಾಡಬೇಕೆಂದು ಗೊತ್ತುಮಾಡಿದ್ದರು.

ಶಿವಾರಪಟ್ಟಣದಲ್ಲಿ ಬಸ್ಸಿನಿಂದಿಳಿದರೆ ಊರು ಮೊದಲು ಕಿವಿಗೆ ಸಿಗುತ್ತದೆ, ಆಮೇಲೆ ಕಣ್ಣಿಗೆ. ಒಂದು ಕಡೆ ಯಂತ್ರದ ಗರಗಸ ಕಲ್ಲನ್ನು ಸೀಳುವ ಕೀರಲು, ಇನ್ನೊಂದು ಕಡೆ ಹಳಬರ ಸುತ್ತಿಗೆಗಳ ನಿಧಾನ. ದೂಳು ಎಲೆಗಳ ಮೇಲೆ ಬಿಳಿಯಾಗಿ ಕೂತಿತ್ತು. ಶೆಡ್ಡುಗಳನ್ನು ಊರ ಹೊರಗೆ ಸಾಗಿಸಬೇಕೆನ್ನುವವರಿಗೆ ಈ ದೂಳೇ ಕಾರಣ, ಅದು ಸುಳ್ಳು ಕಾರಣವೂ ಅಲ್ಲ. ಹೊಸ ಜಾಗದಲ್ಲಿ ಚಾವಣಿ, ವಿದ್ಯುತ್ತು, ಯಂತ್ರ ಎಲ್ಲವೂ ಇರುತ್ತವೆ. ಗಂಗುಲಪ್ಪನಂಥವನಿಗೆ ಮಾತ್ರ ಅಲ್ಲಿ ಜಾಗವಿದ್ದೂ ಇರದು. ಅವನ ಮೊಣಕಾಲುಗಳು ಸೋತಿದ್ದವು. ಮಲಗುವ ಹಾಸಿಗೆಯಿಂದ ಕಲ್ಲಿನವರೆಗೆ ಗೋಡೆಯನ್ನು ಹಿಡಿದುಕೊಂಡು ಬರುತ್ತಿದ್ದ, ಆ ಗೋಡೆಯ ಮೇಲೆ ಅವನ ಅಂಗೈಯ ಜಿಡ್ಡಿನ ಒಂದು ದಾರಿಯೇ ಆಗಿತ್ತು. ಶೆಡ್ಡು ಮನೆಯ ಗೋಡೆಗೆ ಅಂಟಿಕೊಂಡಿರುವವರೆಗೆ ಅವನು ಶಿಲ್ಪಿ. ಕೆರೆಯಾಚೆ ಹೋದ ದಿನ ಹಾಸಿಗೆ ಹಿಡಿದ ಮುದುಕ. ಸುಣ್ಣದ ಗೀಟು ಆ ಅಂಗೈಯ ದಾರಿಯನ್ನು ಅಡ್ಡಡ್ಡ ಕತ್ತರಿಸಿಕೊಂಡು ಹೋಗಿತ್ತು.

ಸಾದಿಯಾಳನ್ನು ಹೊರಗೆ ನಿಲ್ಲಿಸಿ ಸುನಂದ ಒಳಗೆ ಹೋದಳು. ವೆಂಕಟರಮಣನ ಮುಖ ಈಗ ಮೂಡಿತ್ತು. ಮೂಗು, ತುಟಿ, ಕಿವಿಯೋಲೆಗಳು ಎಲ್ಲ ಮುಗಿದಿದ್ದವು. ಕಣ್ಣಿದ್ದ ಕಡೆ ಮೊಟ್ಟೆಯಂತೆ ನುಣುಪಾದ ಎರಡು ಉಬ್ಬುಗಳು ಮಾತ್ರ. ಪ್ರತಿಷ್ಠೆಯ ದಿನ ಚಿನ್ನದ ಸೂಜಿಯಿಂದ ಗೆರೆಯೆಳೆದು ಕಣ್ಣು ತೆರೆಯುವ ವಿಧಿಯನ್ನು ಅವಳು ಶಾಸ್ತ್ರಗಳಲ್ಲಿ ಓದಿ ಬಲ್ಲಳು. ಕೈ ತಾನಾಗಿ ಮುಗಿಯಿತು. "ಮುಳಬಾಗಿಲ ಕಡೆ ಗುಡಿಗೆ ಹೋಗ್ತಾನೆ ಸ್ವಾಮಿ" ಎಂದ ಗಂಗುಲಪ್ಪ, ಕುಟ್ಟುತ್ತಲೇ. ಕುಶಲ ಕೇಳಿದಳು, ಕುಟ್ಟುತ್ತಲೇ ಉತ್ತರಿಸಿದ. ಆಮೇಲೆ ಅದೇ ಪ್ರಶ್ನೆಯನ್ನು, ಈ ಸಲ ಕಾಗದವಿಲ್ಲದೆ, ಕೇಳಿದಳು. "ಗಂಗುಲಪ್ಪನವರೇ, ಶೆಡ್ಡು ಇಲ್ಲಿಂದ ಹೋಗೋದು ನಿಮಗೆ ನಿಜವಾಗಿ ಒಪ್ಪಿಗೆಯಾ?" ಸುತ್ತಿಗೆ ನಿಂತಿತು. ಉಳಿ ನೆಲಕ್ಕೆ ಹೋಯಿತು, ಅದರ ಪಕ್ಕದಲ್ಲಿ ಸುತ್ತಿಗೆ. "ಆಗಲಿ ತಾಯಿ."

ಬೈರಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ಮಾತೂ ಆಡದೆ ಸುನಂದಳ ಮೊಣಕೈ ಹಿಡಿದು ಎಳೆದುಕೊಂಡು, ಹಿತ್ತಿಲು ದಾಟಿ, ರಸ್ತೆಬದಿಯ ಹೊಂಗೆಮರದ ಕೆಳಗೆ ತಂದು ನಿಲ್ಲಿಸಿದ ಮೇಲೆ ಬಾಯಿ ಬಿಟ್ಟಳು. "ಒಂದು ಸಲ ಕೇಳಿ ಕೆಡಿಸಿದ್ದು ಸಾಲ್ದಾ, ಮತ್ತೆ ಅಲ್ಲೇ ಹೋಗಿ ಕೇಳ್ತೀಯಲ್ಲಮ್ಮಾ! ಸ್ವಾಮಿ ಮುಂದೆ ಯಾರಾನಾ ಬೇಡ, ಇಲ್ಲ, ಆಗಾಕಿಲ್ಲ ಅಂತಾರಾ?" ಸುನಂದಳಿಗೆ ಅರ್ಥವಾಗಲಿಲ್ಲ. ಬೈರಮ್ಮ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಕಲ್ಲಿಗೆ ಕಣ್ಣು ಬರುವುದು ಕೊನೆಗೆ. ಕಿವಿ ಬರುವುದು ಮೊದಲು. ಕಿವಿ ಮೂಡಿದ ಗಳಿಗೆಯಿಂದ ಕಣ್ಣು ತೆಗೆಯುವವರೆಗೆ ಅದು ಕತ್ತಲಲ್ಲಿ ಕೂತು ಕೇಳಿಸಿಕೊಳ್ಳುತ್ತಲೇ ಇರುತ್ತದೆ, ಕೇಳಿದ್ದನ್ನೇ ಕಲಿಯುತ್ತದೆ. ಇಲ್ಲ ಎನ್ನುವ ಮಾತನ್ನು ಶೆಡ್ಡಿನಲ್ಲಿ ಕಲಿತ ದೇವರು ನಾಳೆ ಗುಡಿಯಲ್ಲಿ, ಮಗು ಬೇಕೆಂದು ಬಂದವಳಿಗೂ ಮಳೆ ಬೇಕೆಂದು ಬಂದವನಿಗೂ ಇಲ್ಲ ಎಂದೇ ಹೇಳುತ್ತಾನೆ. "ಅದಕ್ಕೇ ನಮ್ಮೋರು ಒಪ್ಪಿದ್ರೆ ಕೈ ನಿಲ್ಲಿಸಲ್ಲ. ಒಪ್ಪದಿದ್ರೆ ಸುತ್ತಿಗೆ ಕೆಳಗಿಟ್ಟು ಆಗಲಿ ಅಂತಾರೆ. ಎಲ್ಲಾ ಶೆಡ್ಡಲ್ಲೂ ಹಿಂಗೇಯ. ಬೀದಿ ನಾಯಿಗೂ ಗೊತ್ತು."

ಅವಳ ಬಾಯಿಂದ ಮೊದಲು ಹೊರಬಿದ್ದ ಮಾತು, "ಇದು ಯಾವ ಗ್ರಂಥದಲ್ಲಿದೆ?" ಎಂಬುದು. ಕೇಳಿದ ಕೂಡಲೆ ಕಿವಿಯವರೆಗೂ ಬಿಸಿಯಾಯಿತು. ಬೈರಮ್ಮ ಕೋಪಿಸಿಕೊಳ್ಳಲೂ ಇಲ್ಲ. "ನಮ್ಮತ್ತೆ ಹೇಳ್ತಿದ್ಲು. ಅವ್ಳಿಗೆ ಓದಾಕೆ ಬತ್ತಿರ್ಲಿಲ್ಲ" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ, ಗಂಡನನ್ನು ಹೆಗಲ ಮೇಲೆ ಹೊತ್ತುಕೊಂಡಂತೆ ನಡೆಸಿಕೊಂಡು ಹೊರಗೆ ಬಂದಳು. ಆ ಸ್ವಲ್ಪ ದೂರಕ್ಕೆ ಎಷ್ಟು ಹೊತ್ತು ಹಿಡಿಯಿತು! ಹೊಂಗೆಯ ನೆರಳಿಗೆ ಬಂದು, ಉಸಿರು ಹಿಡಿದು, ಒಮ್ಮೆ ಶೆಡ್ಡಿನ ಕಡೆ ತಿರುಗಿ ನೋಡಿ, ಗಂಗುಲಪ್ಪ ಹೇಳಿದ: "ನಂಗೆ ಬೇಡ ತಾಯಿ. ಅಲ್ಲಿಗೆ ನಾನು ಹೋಗೋನಲ್ಲ. ಹೋದ್ರೆ ಈ ಕೈ ನಿಂತೋಗ್ತದೆ, ಅಷ್ಟೇ." ಬಳಿಕ, ಆ ಮಾತು ತನಗೇ ಹೊಸದೆಂಬಂತೆ, "ಬೇಡ, ಬೇಡ" ಎಂದು ಮತ್ತೆರಡು ಸಲ ಹೇಳಿಕೊಂಡ. ಬೈರಮ್ಮ, "ಸಾಕು ಬುಡು, ನೀನೂ ಅದನ್ನೇ ಕಲ್ತ್ಬುಡಬೇಡ" ಎಂದು ಗದರಿದಾಗ ಮೂವರೂ ನಕ್ಕರು. ನಗುತ್ತಲೇ ಸುನಂದಳಿಗೆ ಬಯಲಾದುದೇನೆಂದರೆ, ಎಲ್ಲ ಅಡೆತಡೆಗಳನ್ನು ನೀಗಿಸಿ ತಾನು ಕಂಡುಹಿಡಿದ ಆ ಏಕಾಂತದ ಸ್ಥಳದಲ್ಲಿ ಪ್ರತಿಯೊಬ್ಬನ ಪಕ್ಕದಲ್ಲೂ ಮೂರನೆಯವನೊಬ್ಬ ಕಣ್ಣುಮುಚ್ಚಿ ಕುಳಿತು ಕೇಳುತ್ತಿದ್ದ.

ಅವಳು ಅಲ್ಲಿಂದಲೇ ಕಾಂತರಾಜರಿಗೆ ಫೋನು ಮಾಡಿದಳು. ಅವರು ಸಿಟ್ಟಾಗಲಿಲ್ಲ, ನಗಲಿಲ್ಲ; ಅವರಲ್ಲಿ ದೋಷ ಹುಡುಕುವುದು ಎಂದೂ ಸುಲಭವಾಗಿರಲಿಲ್ಲ. "ಬಹಳ ಸ್ವಾರಸ್ಯವಾಗಿದೆ, ಸುನಂದ ಅವರೇ. ಆದರೆ ಯೋಚನೆ ಮಾಡಿ. ಸುತ್ತಿಗೆ ಕೆಳಗಿಟ್ಟದ್ದನ್ನು ನೀವು ಆಗ ದಾಖಲು ಮಾಡಿದ್ದೀರಾ? ಮಾಡಿಲ್ಲ. ಈಗ ನೆನಪಿನಿಂದ ತಿದ್ದಿದರೆ ಅದು ಅವರ ಅಭಿಪ್ರಾಯವೋ, ನಿಮ್ಮದೋ? ಇನ್ನು ಇವತ್ತು ಮರದ ಕೆಳಗೆ ಬೇಡ ಅಂದರು ಅಂತೀರಿ. ಹೆಂಡತಿ ಪಕ್ಕದಲ್ಲೇ ಇದ್ದರು ಅಲ್ಲವೇ?" ಆ ಮಾತಿಗೆ ಸುನಂದಳ ಮುಂದೆ, ಕರೆಯದೆಯೇ, ಗೌನಿಪಲ್ಲಿಯ ಮನೆಯ ನಡುಮನೆ ಬಂದು ನಿಂತಿತು. ಜಮಖಾನದ ಮೇಲೆ ಗಂಡಿನ ಕಡೆಯವರು. ಅವಳ ಕೈಯಲ್ಲಿ ಕಾಫಿಯ ತಟ್ಟೆ. "ಏಮಮ್ಮಾ, ಇಷ್ಟಮೇನಾ?" ಎಂದು ಹಿರಿಯ ಹೆಂಗಸೊಬ್ಬಳು ತೆಲುಗಿನಲ್ಲಿ ಕೇಳಿದ್ದಳು. ಸುನಂದ ತಟ್ಟೆಯನ್ನು ನೆಲಕ್ಕಿಟ್ಟು ತಲೆ ತಗ್ಗಿಸಿದ್ದಳು. ಒಪ್ಪಿದ್ದಾಳೆ ಎಂದು ತಂದೆ ಹೇಳಿದ್ದ. ಗಂಡ ವೆಂಕಟ್ ಒಳ್ಳೆಯವನು, ಸಂಸಾರ ಕೆಟ್ಟದ್ದಾಗಲಿಲ್ಲ, ಆ ಮಾತು ಬೇರೆ. ತಟ್ಟೆ ಇಟ್ಟಾಗ ಒಳಗೆ ಏನಿತ್ತು ಎಂಬುದನ್ನು ಮಾತ್ರ ಇಷ್ಟು ವರ್ಷಗಳ ಬಳಿಕವೂ ಅವಳು ಹೇಳಲಾರಳು. ಮೋಟುಮರವೋ, ಮನುಷ್ಯನೋ. ಗಂಗುಲಪ್ಪನಿಗಾದರೆ ಹೊಂಗೆಮರವಾದರೂ ಇತ್ತು.

"ಒಂದು ಕೆಲಸ ಮಾಡಿ" ಎನ್ನುತ್ತಿದ್ದರು ಕಾಂತರಾಜ್. "ಅವರನ್ನೇ ಸಂಜೆ ಸಭೆಗೆ ಕರೆತನ್ನಿ. ಹೆಂಡತಿ ಬೇಡ. ಎಲ್ಲರ ಮುಂದೆ ಒಂದೇ ಒಂದು ಸಲ ಬೇಡ ಅನ್ನಲಿ. ನಾನು ವರದಿಯನ್ನು ಅಲ್ಲೇ ತಡೆಹಿಡಿಯುತ್ತೇನೆ, ಇಡೀ ಊರನ್ನು ಹೊರಗೆ ನಿಲ್ಲಿಸಿ ಮತ್ತೆ ಕೇಳೋಣ. ಇದು ನನ್ನ ಮಾತು. ಹಾಂ, ಅತಿಥಿಗಳಾಗಿ ಬರುವ ಸಮಿತಿಯ ಆಫೀಸರಿಗೆ ಕೊಡಲಿಕ್ಕೆ ಅಲ್ಲಿ ಒಂದು ಸಣ್ಣ ಗಣಪತಿ ಹೇಳಿಟ್ಟಿದ್ದೇನೆ, ಬರುವಾಗ ಮರೆಯದೆ ತನ್ನಿ." ಇದಕ್ಕಿಂತ ನ್ಯಾಯವಾದ ಮಾತನ್ನು ಯಾರು ಆಡಿಯಾರು? ಗಂಗುಲಪ್ಪನ ತಂಗಿಯ ಮಗ ಆಂಜಿಗೆ ಆಟೋ ಇತ್ತು, ಅವನು ಕರೆತರಲು ಒಪ್ಪಿದ. "ಬರ್ತೀನಿ ತಾಯಿ. ಒಂದು ಮಾತು ತಾನೇ, ಅಂದು ಬರ್ತೀನಿ" ಎಂದ ಗಂಗುಲಪ್ಪ. ಬೈರಮ್ಮ ಅವನಿಗೆ ಮದುವೆಯ ಮನೆಗೆ ಹೊರಟವನಿಗೆಂಬಂತೆ ಒಗೆದ ಪಂಚೆಯನ್ನೂ ಹೊಸ ಟವಲನ್ನೂ ಆಗಲೇ ಹುಡುಕತೊಡಗಿದ್ದಳು.

ಬೀದಿಯ ಕೊನೆಯ ಶೆಡ್ಡಿನಲ್ಲಿ ಗಣಪತಿ ಸಿದ್ಧವಾಗಿತ್ತು, ಗೇಣುದ್ದದ್ದು, ಕಪ್ಪುಕಲ್ಲಿನದು. ಶೆಡ್ಡಿನವನು ಅದನ್ನು ಹಳೆಯ ಟವಲಿನಲ್ಲಿ ಸುತ್ತುತ್ತ, "ಕಣ್ಣು ಇನ್ನೂ ಬಾಕಿ ಮೇಡಂ. ಪೂಜೆಗೆ ಇಡೋದಾದ್ರೆ ಅಯ್ನೋರ್ನ ಕರ್ಸಿ ತೆಗಿಸ್ಕೊಳ್ಳಿ. ಷೋಕೇಸಿಗಾದ್ರೆ ಹಿಂಗೇ ಇರ್ಲಿ" ಎಂದ. ಬಸ್ಸಿನಲ್ಲಿ ಸುನಂದ ಆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಕಲ್ಲಿನ ತಂಪು ಸೀರೆಯನ್ನು ದಾಟಿ ತೊಡೆಗೆ ಇಳಿಯುತ್ತಿತ್ತು. ಹಿಂದಿನ ಸೀಟಿನ ಹೆಂಗಸೊಬ್ಬಳು ಬಾಗಿ, "ಈ ಬಸ್ಸು ವೇಮಗಲ್ ಮೇಲೆ ಹೋಗ್ತದಾ?" ಎಂದಾಗ ಅವಳು "ಇಲ್ಲಮ್ಮ" ಎಂದಳು, ಎಂದ ಕೂಡಲೆ ಕೈ ತಾನಾಗಿ ಟವಲಿನ ಅಂಚನ್ನು ಮುಚ್ಚಿತು. ಸಾದಿಯಾ ಕಣ್ಣರಳಿಸಿ, "ಗಯಾ, ಹೋಯ್ತು ಮೇಡಂ! ಆಫೀಸರ್ ಸಾಹೇಬರ ಗಣಪತಿಗೆ ಪಾಠ ಆಯ್ತು" ಎಂದು ನಕ್ಕಳು. ಸುನಂದಳಿಗೂ ತನ್ನ ಅಂಜಿಕೆ ಕಂಡು ನಗು ಬಂತು. ಬೆಳಿಗ್ಗೆಯವರೆಗೆ ಇಲ್ಲದ ನಂಬಿಕೆ ಮಧ್ಯಾಹ್ನಕ್ಕೆ ಎಲ್ಲಿಂದ ಬಂತು? ಕೇಳಿದಾಗ ಹುಟ್ಟುವುದು ಅಭಿಪ್ರಾಯ ಮಾತ್ರವಲ್ಲ, ಭಯವೂ ಇರಬಹುದು. ಅದನ್ನು ಅವಳು ತನ್ನೊಬ್ಬಳ ದೌರ್ಬಲ್ಯವೆಂದು ಅಲ್ಲಿಗೇ ಬಿಟ್ಟುಬಿಟ್ಟಳು. ಕಣ್ಣು ಮುಚ್ಚಿ ಬೆಳಿಗ್ಗೆ ನಿಂತ ಸ್ತೋತ್ರವನ್ನು ಮುಂದುವರಿಸಿದಳು. ಕೋಲಾರ ಬಂದಾಗ ಗಂಟನ್ನು ಸಾದಿಯಾಳ ಕೈಗೆ ಕೊಟ್ಟು, ಆಟೋವನ್ನು ಎದುರುಗೊಳ್ಳಲು ಸಭಾಂಗಣದ ಹೊರಗೆ ನಿಂತಳು.

ಗಂಗುಲಪ್ಪ ಬಂದ. ಮೆಟ್ಟಿಲುಗಳನ್ನು ಆಂಜಿಯ ಹೆಗಲ ಮೇಲೆ ಭಾರ ಹಾಕಿ ಹತ್ತಿದ, ಹತ್ತಿ ನಿಂತಾಗ ಹಣೆಯ ತುಂಬ ಬೆವರಿತ್ತು, ಆದರೂ ಹುರುಪಿನಲ್ಲಿದ್ದ. ದಾರಿಯುದ್ದಕ್ಕೂ ಆ ಮಾತನ್ನು ಹೇಳಿ ಹೇಳಿ ಅಭ್ಯಾಸ ಮಾಡಿಸಿದ್ದೇನೆಂದು ಆಂಜಿ ಹೇಳಿದ. "ಕೇಳಕ್ಕ, ಈಗ್ಲೂ ಹೇಳ್ತಾನೆ. ಏನ್ ಮಾವ, ಟೀ ಬೇಕಾ?" "ಬೇಡ" ಎಂದ ಗಂಗುಲಪ್ಪ, ಗೆದ್ದವನಂತೆ. ಅವನನ್ನು ಮಧ್ಯದ ಸಾಲಿನಲ್ಲಿ ಕೂರಿಸಿ ಸುನಂದ ವೇದಿಕೆಯ ಪಕ್ಕದ ಕುರ್ಚಿಗೆ ಹೋದಳು. ಪ್ರಾರ್ಥನೆಯಾಯಿತು, ಸ್ವಾಗತವಾಯಿತು. ಕಾಂತರಾಜರು ಮಾತನಾಡಿದರು. ಪರದೆಯ ಮೇಲೆ ಹಸಿರು ಕಂಬವೊಂದು ಎತ್ತರಕ್ಕೆ ಬೆಳೆದು ನಿಂತಿತು, ಅದರ ಪಕ್ಕದಲ್ಲಿ ನೆಲಕ್ಕೆ ಅಂಟಿದಂತೆ ಒಂದು ಕೆಂಪು ಚೂರು. ಊರಿನ ಒಪ್ಪಿಗೆಯೇ ಅದು. ಸುನಂದಳಿಗೆ ಆ ಕಂಬವು ಸುತ್ತಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಂಡಿತು. ಇನ್ನು ಸ್ವಲ್ಪ ಹೊತ್ತು. ಆ ಮುದುಕನ ಒಂದು ಶಬ್ದಕ್ಕೆ ಈ ಕಂಬ ಬೀಳುತ್ತದೆ. "ಆದರೆ" ಎಂದರು ಕಾಂತರಾಜರು, ಕೊಟ್ಟ ಮಾತಿಗೆ ತಪ್ಪದೆ, "ಅಂಕಿಗಳ ಹಿಂದೆ ಮನುಷ್ಯರಿರುತ್ತಾರೆ. ಅವರಲ್ಲಿ ಒಬ್ಬರು ನಮ್ಮೊಂದಿಗಿದ್ದಾರೆ. ಗಂಗುಲಪ್ಪನವರೇ, ಸಂಕೋಚವಿಲ್ಲದೆ ಹೇಳಿ. ಶೆಡ್ಡು ಸ್ಥಳಾಂತರವಾಗುವುದು ತಮಗೆ ಒಪ್ಪಿಗೆಯೋ, ಅಲ್ಲವೋ? ನೀವು ಹೇಳಿದ ಹಾಗೆ ಆಗುತ್ತದೆ."

ಗಂಗುಲಪ್ಪ ಎದ್ದ. ಮೈಕು ಅವನ ಬಾಯಿಯ ಬಳಿಗೆ ಬಂತು. ತಲೆಯೆತ್ತಿ ವೇದಿಕೆಯ ಕಡೆ ನೋಡಿದ; ಬಾಯಿ ತೆರೆಯಿತು, ತೆರೆದ ಬಾಯಿ ಹಾಗೆಯೇ ಉಳಿಯಿತು. ಅವನ ದೃಷ್ಟಿ ಕಾಂತರಾಜರ ಮೇಲಿರಲಿಲ್ಲ, ಅತಿಥಿಗಳ ಮೇಲಿರಲಿಲ್ಲ. ಸುನಂದ ಆ ದೃಷ್ಟಿಯನ್ನು ಹಿಡಿದು ಹೋದಳು. ಹೋಗುತ್ತಿರುವಾಗಲೇ ಅವಳಿಗೆ ಗೊತ್ತಾಗಿಹೋಗಿತ್ತು. ದೀಪದ ಕಂಬದ ಮಗ್ಗುಲಲ್ಲಿ, ಬಿಳಿಯ ಬಟ್ಟೆ ಹಾಸಿದ ಮೇಜಿನ ಮೇಲೆ, ಟವಲು ಬಿಚ್ಚಿ, ಮಲ್ಲಿಗೆಯ ಸರ ಹಾಕಿ, ಯಾರೋ ಗಣಪತಿಯನ್ನು ಸಭೆಗೆ ಮುಖಮಾಡಿ ಕೂರಿಸಿದ್ದರು. ಅಗಲವಾದ ಕಿವಿಗಳು ಎರಡೂ ಕಡೆ ಹರಡಿದ್ದವು. ಅವುಗಳ ನಡುವೆ, ವಿದ್ಯುದ್ದೀಪದ ಬೆಳಕಿನಲ್ಲಿ ಹೊಳೆಯುತ್ತ, ಇನ್ನೂ ತೆರೆಯದ ಎರಡು ನುಣುಪಾದ ಉಬ್ಬುಗಳು.

ಗಂಗುಲಪ್ಪನ ಬಲಗೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಸುತ್ತಿಗೆ ಇರಲಿಲ್ಲ, ಉಳಿ ಇರಲಿಲ್ಲ, ಕೆಳಗಿಡಲು ಆ ಕೈಯಲ್ಲಿ ಏನೊಂದೂ ಇರಲಿಲ್ಲ. ಕೊನೆಗೆ ಅವನು ಹೆಗಲ ಮೇಲಿನ ಹೊಸ ಟವಲನ್ನು ತೆಗೆದು, ನಿಧಾನವಾಗಿ ಮಡಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಬಗ್ಗಲಾರದೆ ಬಗ್ಗಿ ನೆಲದ ಮೇಲಿಟ್ಟ. ನೆಟ್ಟಗಾಗಿ ಕೈಮುಗಿದ. "ಆಗಲಿ ಸ್ವಾಮಿ."

ಚಪ್ಪಾಳೆ ಬಿತ್ತು. ಹಿರಿಯರ ವಿನಯವೆಂದು ಯಾರೋ ಹಿಂದಿನಿಂದ ಮೆಚ್ಚಿಕೊಂಡರು. ಕಾಂತರಾಜರು ಸುನಂದಳ ಕಡೆ ತಿರುಗಿದರು. ಅವರ ಕಣ್ಣಲ್ಲಿ ಗೆದ್ದ ಹಮ್ಮು ಇರಲಿಲ್ಲ, ಒಂದು ಬಗೆಯ ಕನಿಕರವಿತ್ತು. "ಸುನಂದ ಅವರೇ, ನೀವು ಏನಾದರೂ ಹೇಳಲಿಕ್ಕಿದೆಯೇ?" ಮೈಕು ಅವಳ ಕೈಗೆ ಬಂತು. ಎದ್ದು ನಿಂತಳು. ಅಲ್ಲ, ಇದು ಒಪ್ಪಿಗೆಯಲ್ಲ, ಅವರು ಒಪ್ಪಿಲ್ಲ. ಇಷ್ಟೇ ಮಾತು. ಪ್ರತಿ ಪದವೂ ಆ ಮೇಜಿನಿಂದ ಮಾರುದೂರದಲ್ಲಿ ಹುಟ್ಟಬೇಕು. ಹೋಗಿ ಗಣಪತಿಯ ಮೇಲೆ ಬಟ್ಟೆ ಮುಚ್ಚಿಬಿಡಲೇ ಎಂದುಕೊಂಡಳು, ಮುಚ್ಚಿದರೆ ಕಾಣದಿರುವುದು ನಮಗೆ, ಅದಕ್ಕೆ ಕೇಳಿಸದಿರುವುದೆಲ್ಲಿ? ಬಸ್ಸಿನಲ್ಲಿ ಹೇಳಿದ್ದೆಯಲ್ಲ, ಅದೇ ಗಣಪತಿ, ನಿನ್ನ ಮಡಿಲಲ್ಲೇ ಇತ್ತು ಎಂದು ಒಳಗಿನ ತರ್ಕ ಕೇಳಿತು. ಅಲ್ಲಿ ಗಂಗುಲಪ್ಪ ಇರಲಿಲ್ಲ ಎಂದಿತು ಇನ್ನೊಂದು. ಅವನು ತನ್ನ ಶೆಡ್ಡನ್ನೇ ಬಿಟ್ಟುಕೊಟ್ಟು ಕಾಪಾಡಿದ ಕಿವಿಗೆ ತಾನು ಹೇಗೆ ಆ ಮಾತನ್ನು ಸುರಿಯಲಿ? ಅಥವಾ ಇದೆಲ್ಲ ನೆಪವೇ, ನೂರು ಜನರ ಮುಂದೆ ಕಾಂತರಾಜರಿಗೆ ಎದುರಾಡಲು ಅಂಜಿದ ನಾಲಗೆ ದೇವರ ಹಿಂದೆ ಅಡಗಿಕೊಂಡಿದೆಯೇ? ಭಕ್ತಿಯೋ, ಹೇಡಿತನವೋ. ಎರಡೂ ಒಂದೇ ಎತ್ತರ, ಒಂದೇ ಆಕಾರ, ಒಂದೇ ಮಬ್ಬಿನಲ್ಲಿ ನಿಂತಿದ್ದವು. ಹೇಳಲಿಕ್ಕೇನೂ ಇಲ್ಲ ಎಂದು ಕುಳಿತುಬಿಡೋಣವೆಂದರೆ ಅದರಲ್ಲೂ ಆ ಮಾತೇ ಇತ್ತು. ಅವಳು ಮೈಕನ್ನು ಮೇಜಿನ ಮೇಲೆ ಮಲಗಿಸಿದಳು. ಧ್ವನಿವರ್ಧಕಗಳಲ್ಲಿ ದಡ್ ಎಂದು ದೊಡ್ಡ ಸದ್ದಾಯಿತು. ಕೊನೆಯ ಸಾಲಿನಲ್ಲಿ ಸಾದಿಯಾ ಬಾಯಿಗೆ ಕೈ ಅಡ್ಡ ಹಿಡಿದದ್ದು ಕಾಣಿಸಿತು. "ಸರಿ, ಸಂತೋಷ" ಎಂದರು ಕಾಂತರಾಜರು, ಮತ್ತು ವರದಿಯನ್ನು ಎರಡೂ ಕೈಗಳಲ್ಲಿ ಹಿಡಿದು ಅತಿಥಿಗಳ ಕಡೆ ಹೊರಳಿದರು.

ಹೊರಗೆ ಇನ್ನೂ ಬೆಳಕಿತ್ತು. ಆಂಜಿ ಮಾವನನ್ನು ಬೈಯುತ್ತ ಬೈಯುತ್ತಲೇ ಆಟೋದೊಳಗೆ ಕೂರಿಸಿ ಕಾಲುಗಳನ್ನು ಎತ್ತಿ ಒಳಗಿಡುತ್ತಿದ್ದ. "ಅಷ್ಟು ದೂರದಿಂದ ಬಂದು ಒಂದ್ ಮಾತು ಅನ್ನಾಕಾಗ್ಲಿಲ್ಲ ನಿಂಗೆ! ಅತ್ತೆಗೆ ಏನಂತ ಹೇಳ್ಲಿ?" ಸುನಂದ ಹತ್ತಿರ ಹೋಗಿ ನೆಲದಿಂದ ಎತ್ತಿ ತಂದಿದ್ದ ಟವಲನ್ನು ಅವನ ಮಡಿಲಿಗಿಟ್ಟಳು. ಕ್ಷಮೆ ಕೇಳಬೇಕೆಂದಿದ್ದಳು. ಗಣಪತಿಯನ್ನು ತಂದವಳು ತಾನೇ ಎಂದು ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಅತಿಥಿಗಳ ಚಾಲಕ ವಿಗ್ರಹವನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಕಾರಿನ ಕಡೆ ನಡೆದ. ಮಲ್ಲಿಗೆಯ ಸರ ಜಾರಿ ಒಂದು ಕಿವಿಗೆ ತೂಗುಬಿದ್ದಿತ್ತು. ಕಾರಿನ ಬಾಗಿಲು ಮುಚ್ಚಿದ ಮೇಲೆ ಗಂಗುಲಪ್ಪ ತಗ್ಗಿದ ದನಿಯಲ್ಲಿ ಕೇಳಿದ.

"ಅದು ಎಲ್ಲಿಗೆ ಹೋಗ್ತದೆ ತಾಯಿ?"

"ಆಫೀಸರ ಮನೆಗೆ."

"ಪೂಜೆಗೆ ಇಡ್ತಾರಾ?"

"ಇಲ್ಲ" ಎಂದಳು ಸುನಂದ. ಸಭೆಯಲ್ಲಿ ಹೊರಬರದಿದ್ದ ಮಾತು ಎಷ್ಟು ಸಲೀಸಾಗಿ, ಎಷ್ಟು ಸ್ಪಷ್ಟವಾಗಿ ಬಂದುಬಿಟ್ಟಿತು. "ಷೋಕೇಸಿನಲ್ಲಿ ಇಡುತ್ತಾರೆ."

ಗಂಗುಲಪ್ಪ ಟವಲಿನ ಮಡಿಕೆಯನ್ನು ಹೆಬ್ಬೆರಳಿನಿಂದ ಒಮ್ಮೆ ನೇವರಿಸಿದ. "ಹಂಗಾರೆ ಕಣ್ಣು ತೆಗೆಯೋರು ಯಾರೂ ಬರಾಕಿಲ್ಲ" ಎಂದ. ಆಂಜಿ ಆಟೋವನ್ನು ಚಾಲೂ ಮಾಡಿದ್ದ; ಮುಂದಿನ ಮಾತನ್ನು ಕೇಳಿಸಿಕೊಳ್ಳಲು ಅವಳು ತಲೆಯನ್ನು ಒಳಕ್ಕೆ ಬಗ್ಗಿಸಬೇಕಾಯಿತು. "ಪಾಪ, ಹಂಗೇ ಕೇಳ್ತಾ ಕೂತಿರ್ತದೆ."